ಸೂಜಿಗೆ ಕಾಯಿದೆ ಬರಲಿ, ಕೈಗೆ ಬೇಡಿ ಬಾರದಿರಲಿ

ಹಚ್ಚೆ ಹಾಕುವ ಹಾಗೂ ಕಿವಿ, ಮೂಗು ಚುಚ್ಚುವ ಕಸುಬನ್ನು ಕಾಯಿದೆಯ ಹಿಡಿತಕ್ಕೆ ತರಬೇಕೆಂಬ ಮಾತು ನಮ್ಮ ರಾಜ್ಯದಲ್ಲಿ ಎದ್ದಿದೆ. 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಈ ಬಗ್ಗೆ ಹೇಳಿಕೆ ಕೊಟ್ಟರು. ಹಚ್ಚೆಯ ಮಸಿಯನ್ನು ಪರೀಕ್ಷೆ ಮಾಡಿದಾಗ ಅದರಲ್ಲಿ 22 ಬಗೆಯ ಲೋಹಗಳು ಕಂಡುಬಂದಿವೆ, ಅವುಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸಹ ಸೇರಿವೆ, ಈ ಮಸಿಗೆ ದೇಶದಲ್ಲಿ ಗುಣಮಟ್ಟದ ಅಳತೆಗೋಲೇ ಇಲ್ಲ, ಆದ್ದರಿಂದ ಕೇಂದ್ರ ಸರಕಾರಕ್ಕೆ ಬರೆಯುತ್ತೇವೆ ಎಂಬುದು ಅವರ ಮಾತಿನ ಸಾರ. ಶುಚಿಯಿಲ್ಲದ ಸೂಜಿಯಿಂದ ಏಡ್ಸ್ ರೋಗದ ವೈರಾಣು, ಕಾಮಾಲೆಯ ವೈರಾಣು, ಚರ್ಮದ ಸೋಂಕು ಹರಡುವ ಅಪಾಯವನ್ನೂ ಅವರು ಹೇಳಿದರು.

ಇದು ಬೆಂಗಳೂರಿನ ಗಾಜಿನ ಅಂಗಡಿಗಳ ವಿಷಯ, ಉಳ್ಳವರ ಮಕ್ಕಳ ಶೋಕಿಯ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮ ವಾಚಕರು ಪುಟ ಮಗುಚಬಾರದು. ಶಹಾಪುರ, ಸುರಪುರ, ಯಾದಗಿರಿ ಸೀಮೆಯಲ್ಲಿ ಹಣಚಿ ಬೊಟ್ಟು ಇಲ್ಲದ ಮುದುಕಿಯ ಕೈಯನ್ನು ಹುಡುಕಿ ತೆಗೆಯುವುದೇ ಕಷ್ಟ. ನಮ್ಮ ತಾಂಡಾಗಳ ತಾಯಂದಿರ ಮುಂಗೈ, ಗದ್ದ, ಹಣೆಗಳ ಮೇಲೆ ಈ ಹಸಿರು ಚುಕ್ಕಿಗಳು ಇಂದಿಗೂ ಇವೆ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ, ತಿಂಥಣಿಯ ಮೌನೇಶ್ವರನ ಜಾತ್ರೆಗೆ ಕೂಸಿನ ಜವಳ ತೆಗೆಸಲು, ಕಿವಿ ಚುಚ್ಚಿಸಲು ಹೋಗುವವರು ಯಾರು? ಹತ್ತಿ ಗಿರಣಿಯ ಹಮಾಲ, ಅಕ್ಕಿ ಗಿರಣಿಯ ಕೂಲಿಯವಳು, ಭೀಮರಾಯನಗುಡಿಯ ಕಾಲುವೆ ಕಚೇರಿಯ ಜವಾನ, ಸಂತೆಯಲ್ಲಿ ಬಳೆ ಮಾರುವವನು. ಗುಳೆ ಹೋಗಿ ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡದ ಮೇಲೆ ದುಡಿಯುವ ನಮ್ಮ ಹುಡುಗರು ಊರಿಗೆ ಮರಳುವಾಗ ಮುಂಗೈ ಮೇಲೆ ತಾಯಿಯ ಹೆಸರನ್ನೋ ದೇವರ ಚಿತ್ರವನ್ನೋ ಬರೆಸಿಕೊಂಡು ಬರುತ್ತಾರೆ. ಗಾಜಿನ ಅಂಗಡಿಗೆ ಹೋಗುವವನು ದುಡ್ಡು ಕೊಟ್ಟು ಹೊಸ ಸೂಜಿ ಕೇಳಬಲ್ಲ. ಜಾತ್ರೆಯ ಬಯಲಿನಲ್ಲಿ ಕೈ ಚಾಚುವವನಿಗೆ ಕೇಳಬೇಕೆಂಬುದೂ ಗೊತ್ತಿಲ್ಲ. ಆದ್ದರಿಂದ ಕಾಯಿದೆಯ ಅಗತ್ಯ ಇರುವುದು ಮೊದಲು ನಮಗೆ, ಆಮೇಲೆ ಅವರಿಗೆ.

ಆದರೆ ಎಂಥ ಕಾಯಿದೆ? ಯಾರ ಮೇಲೆ? ಇದೇ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಕೊಡುವ ಮೊದಲು ಕಸುಬಿನ ಕಡೆಗೆ ಒಮ್ಮೆ ನೋಡಬೇಕು.

ಹಚ್ಚೆ ಹಾಕುವ ವಿದ್ಯೆ ನಮ್ಮ ನಾಡಿನಲ್ಲಿ ಬಡವರ ವಿದ್ಯೆ. ಕೊರವರ ಹೆಣ್ಣುಮಕ್ಕಳು, ಕಿಳ್ಳೇಕ್ಯಾತರ ಹೆಣ್ಣುಮಕ್ಕಳು ಊರಿಂದೂರಿಗೆ ನಡೆದು, ಮನೆಯ ಕಟ್ಟೆಯ ಮೇಲೆ ಕುಳಿತು, ದೀಪದ ಕಪ್ಪಿಗೆ ಸೊಪ್ಪಿನ ರಸ ಬೆರೆಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಕ್ಕಿ ಚುಕ್ಕಿಯಾಗಿ ತೇರು, ತೊಟ್ಟಿಲು, ಚೇಳು, ಸೀತೆಯ ಸೆರಗು ಬರೆದರು. ಕೂಲಿಯಾಗಿ ಪಡೆದದ್ದು ಒಂದು ಮೊರ ಜೋಳ, ಒಂದು ಹಳೆಯ ಸೀರೆ. ಚಿನ್ನದ ಒಡವೆ ಕಾಣದ ಹೆಣ್ಣಿಗೆ ಇದೇ ಒಡವೆ. ಕಳ್ಳ ಕದಿಯಲಾರದ, ಸಾಹುಕಾರ ಒತ್ತೆ ಇಟ್ಟುಕೊಳ್ಳಲಾರದ, ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಿವಿ ಚುಚ್ಚುವ ಕೆಲಸ ಪತ್ತಾರರದು. ತಂತಿಯನ್ನು ತೀಡಿ ಚೂಪು ಮಾಡಿ, ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಎರಡು ಗಳಿಗೆಯಲ್ಲಿ ಮುಗಿಸುವ ಕೈಚಳಕ ಅವರದು. ಈ ಕಸುಬುಗಳನ್ನು ಕೊಳಕು ಎಂದು ಹೀಯಾಳಿಸುವ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದೂ ನಾವು ಹೇಳುವುದಿಲ್ಲ. ಆಗಲೂ ಒಂದೇ ಸೂಜಿ ಹತ್ತು ಕೈಗಳಿಗೆ ಓಡಾಡುತ್ತಿತ್ತು. ಆದರೆ ಇಂದು ಎರಡು ಸಂಗತಿಗಳು ಬದಲಾಗಿವೆ. ಒಂದು, ಕೈಸೂಜಿಯ ಜಾಗಕ್ಕೆ ಯಂತ್ರ ಬಂದಿದೆ. 1891ರಲ್ಲಿ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಯಂತ್ರದ ಮೊಮ್ಮಕ್ಕಳು ಇಂದು ಬ್ಯಾಟರಿಯ ಮೇಲೆ ನಮ್ಮ ಜಾತ್ರೆಗಳಲ್ಲಿ ಗುಂಯ್‌ಗುಡುತ್ತಿವೆ. ದಿನವಿಡೀ ಹತ್ತು ಕೈ ಬರೆಯುವ ಕಡೆ ನೂರು ಕೈ ಬರೆಯಬಹುದು. ಸೂಜಿಯಷ್ಟೇ ಅಲ್ಲ, ಅದನ್ನು ಹಿಡಿಯುವ ಕೊಳವೆಯೊಳಗೂ ರಕ್ತ ಸೇರುತ್ತದೆ. ಎರಡು, ದೀಪದ ಕಪ್ಪಿನ ಬದಲು ಶೀಶೆಯ ಮಸಿ ಬಂದಿದೆ. ಅದು ಎಲ್ಲಿ ತಯಾರಾಯಿತು, ಒಳಗೇನಿದೆ ಎಂಬುದು ಹಾಕುವವನಿಗೂ ತಿಳಿಯದು, ಹಾಕಿಸಿಕೊಳ್ಳುವವನಿಗೂ ತಿಳಿಯದು. ಈ ಬಣ್ಣಗಳಲ್ಲಿ ಅನೇಕವು ಮೂಲತಃ ಮೋಟಾರು ಗಾಡಿಗೆ, ಪ್ಲಾಸ್ಟಿಕ್ಕಿಗೆ, ಅಚ್ಚಿನ ಕೆಲಸಕ್ಕೆ ತಯಾರಾದವು. ಗಾಡಿಗೆ ಹಚ್ಚುವ ಬಣ್ಣವನ್ನು ಮನುಷ್ಯನ ಚರ್ಮದೊಳಗೆ ಜೀವಮಾನವಿಡೀ ಇಡುವುದು ತಕ್ಕದ್ದೇ ಎಂದು ಯಾರೂ ಪರೀಕ್ಷಿಸಿ ನೋಡದೆ ಮಾರುತ್ತಿದ್ದಾರೆ.

ಆರ್ಸೆನಿಕ್ ಎಂದರೆ ಏನೆಂದು ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿ ಸೀಮೆಯ ಅಂತರ್ಜಲದ ಮೂಲಕ ಆ ವಿಷ ಜನರ ಮೈ ಸೇರಿ, ಚರ್ಮ ಕಪ್ಪಾಗಿ, ಅಂಗೈ ಅಂಗಾಲು ಗಂಟುಗಟ್ಟಿದ ಸಂಗತಿಯನ್ನು ವಿಜ್ಞಾನಿಗಳು 2013ರಲ್ಲಿ ಬರೆದು ಪ್ರಕಟಿಸಿದ್ದಾರೆ. ದಿನವೂ ಕುಡಿಯುವ ನೀರಿನ ವಿಷವೂ ಚರ್ಮದಲ್ಲಿ ಕೂರುವ ಮಸಿಯ ವಿಷವೂ ಒಂದೇ ಪ್ರಮಾಣದ್ದಲ್ಲ, ನಿಜ. ಆದರೆ ಬಡವನ ಮೈಯೊಳಗೆ ಏನು ಸೇರುತ್ತಿದೆ ಎಂಬುದನ್ನು ಕಾಯಿಲೆ ಬಂದ ಮೇಲೆ ಕೇಳುವ ಸರಕಾರದ ಚಾಳಿ ಎರಡು ಕಡೆಯೂ ಒಂದೇ.

ಮಸಿಯ ಅಪಾಯ ನಿಧಾನದ್ದು. ಸೂಜಿಯ ಅಪಾಯ ತಕ್ಷಣದ್ದು. ಕಾಮಾಲೆಯಲ್ಲಿ ‘ಬಿ’ ಮತ್ತು ‘ಸಿ’ ಎಂಬ ಎರಡು ಜಾತಿಗಳು ರಕ್ತದಿಂದ ರಕ್ತಕ್ಕೆ ದಾಟುತ್ತವೆ. ‘ಬಿ’ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನಗಳವರೆಗೆ ಬದುಕಿರಬಲ್ಲದು. ಕಣ್ಣಿಗೆ ಕಾಣುವಷ್ಟು ರಕ್ತ ಬೇಕಾಗಿಲ್ಲ. ಸೂಜಿಯನ್ನು ಬಟ್ಟೆಯಿಂದ ಒರೆಸಿದರೆ, ಬೆಂಕಿಕಡ್ಡಿಯ ಜ್ವಾಲೆಗೆ ತೋರಿಸಿದರೆ, ನೀರಿನಲ್ಲಿ ಅದ್ದಿದರೆ ಅದು ಶುದ್ಧವಾಗುವುದಿಲ್ಲ. ಸೂಜಿ ಹೊಸದಾಗಿದ್ದರೂ ಮಸಿಯ ಬಟ್ಟಲು ಹಳೆಯದಾದರೆ ಕೆಲಸ ಕೆಟ್ಟಂತೆಯೇ. ಒಬ್ಬನ ರಕ್ತ ತಾಗಿದ ಸೂಜಿ ಅದ್ದಿದ ಬಟ್ಟಲಿನಲ್ಲೇ ಮುಂದಿನವನ ಸೂಜಿಯೂ ಅದ್ದುತ್ತದೆ. ಈ ಮಾತನ್ನು ನಮ್ಮ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ರೋಗಗಳ ಕೆಟ್ಟ ಗುಣವೆಂದರೆ ಅವು ತಡವಾಗಿ ಮುಖ ತೋರಿಸುತ್ತವೆ. ಬನದ ಹುಣ್ಣಿಮೆಗೆ ಹಾಕಿಸಿಕೊಂಡ ಹಚ್ಚೆಯ ಫಲ ಕಾರಹುಣ್ಣಿಮೆಗೆ ಕಣ್ಣು ಹಳದಿಯಾಗಿ ಕಾಣಬಹುದು. ಇಲ್ಲವೇ ಇಪ್ಪತ್ತು ವರ್ಷ ಸುಮ್ಮನಿದ್ದು ಯಕೃತ್ತನ್ನು ತಿಂದುಹಾಕಿದ ಮೇಲೆ ಕಾಣಬಹುದು. ಆಗ ಜಾತ್ರೆಯನ್ನು ಯಾರು ನೆನೆಯುತ್ತಾರೆ? ಹಮಾಲನೊಬ್ಬ ಮೂಟೆ ಹೊರಲಾರದೆ ಮನೆ ಹಿಡಿದರೆ ಆ ಮನೆಯ ಒಲೆ ಆರುತ್ತದೆ. ಸರಕಾರ 2018ರಲ್ಲಿ ರಾಷ್ಟ್ರೀಯ ಕಾಮಾಲೆ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಉಚಿತ ಪರೀಕ್ಷೆ, ಉಚಿತ ಔಷಧಿಯ ವಾಗ್ದಾನ ಕೊಟ್ಟಿದೆ. ಅದು ಒಳ್ಳೆಯ ಕೆಲಸ. ಆದರೆ ಒಂದು ಕೈಯಿಂದ ಔಷಧಿ ಕೊಡುತ್ತ, ಇನ್ನೊಂದು ಕಡೆ ರೋಗ ಬರುವ ಬಾಗಿಲನ್ನು ತೆರೆದೇ ಇಡುವುದು ಜಾಣತನವಲ್ಲ.

ಕಿವಿ, ಮೂಗು ಚುಚ್ಚುವುದರಲ್ಲಿಯೂ ಇದೇ ಕಥೆ. ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಈಗ ಪಿಸ್ತೂಲಿನ ಆಕಾರದ ಸಾಧನವೊಂದು ಬಂದಿದೆ. ಪ್ಲಾಸ್ಟಿಕ್ಕಿನ ಆ ಸಾಧನಗಳನ್ನು ಆಸ್ಪತ್ರೆಯ ಉಪಕರಣಗಳಂತೆ ಹಬೆಯ ಒತ್ತಡದಲ್ಲಿ ಇಟ್ಟು ಶುದ್ಧ ಮಾಡಲಾಗುವುದಿಲ್ಲ. ಕಿವಿಯ ಮೆತ್ತನೆಯ ಹಾಲೆಯನ್ನು ಬಿಟ್ಟು ಮೇಲಿನ ಗಟ್ಟಿ ಭಾಗಕ್ಕೆ ಅದನ್ನು ಹೊಡೆದರೆ ಕೀವು ತುಂಬಿ ಕಿವಿಯ ರೂಪವೇ ಕೆಡಬಹುದು. ಅಗ್ಗದ ಓಲೆಗಳಲ್ಲಿ ನಿಕ್ಕಲ್ ಬೆರೆತಿರುವುದರಿಂದ ಅನೇಕರಿಗೆ ತುರಿಕೆ, ನೀರು ಸೋರುವ ಹುಣ್ಣು ಆಗುತ್ತದೆ. ಒಮ್ಮೆ ಮೈ ಒಗ್ಗದಾದರೆ ಆ ಲೋಹ ಜೀವಮಾನವಿಡೀ ಒಗ್ಗುವುದಿಲ್ಲ. ಹಸುಗೂಸಿಗೆ ಧನುರ್ವಾಯುವಿನ ಲಸಿಕೆ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ ಬೀಳುತ್ತದೆ. ಅದಕ್ಕೆ ಮೊದಲೇ ಹನ್ನೊಂದನೆಯ ದಿನ, ಹನ್ನೆರಡನೆಯ ದಿನ ಎಂದು ಕಿವಿ ಚುಚ್ಚಿಸುವ ತಾಯಂದಿರಿಗೆ ಲಸಿಕೆ ಮುಗಿಯುವವರೆಗೆ ತಡೆಯಿರಿ ಎಂದು ನಾವು ಕೈಮುಗಿದು ಹೇಳುತ್ತೇವೆ. ಶಾಸ್ತ್ರ ನಾಲ್ಕು ತಿಂಗಳು ತಡವಾದರೆ ಯಾವ ದೇವರೂ ಮುನಿಯುವುದಿಲ್ಲ.

ಇನ್ನು ಕಾಯಿದೆಯ ಮಾತು. ನಮ್ಮಲ್ಲಿ ಕಾಯಿದೆಯೇ ಇಲ್ಲ ಎನ್ನುವುದು ಅರ್ಧ ಸತ್ಯ. 1940ರ ಔಷಧ ಕಾಯಿದೆಗೆ 1962ರಲ್ಲಿ ತಿದ್ದುಪಡಿ ತಂದು ಪ್ರಸಾಧನ ಸಾಮಗ್ರಿಗಳನ್ನೂ ಸೇರಿಸಿದರು. ಅಂದವನ್ನು ಹೆಚ್ಚಿಸಲು ಮೈಗೆ ಹಚ್ಚುವ, ಸಿಂಪಡಿಸುವ ವಸ್ತುಗಳ ಜೊತೆಗೆ ಮೈಯೊಳಗೆ ಸೇರಿಸುವ ವಸ್ತುಗಳೂ ಅದರ ವ್ಯಾಖ್ಯೆಯಲ್ಲಿ ಬಂದಿವೆ. ಮುಖಕ್ಕೆ ಹಚ್ಚಿ ರಾತ್ರಿ ತೊಳೆಯುವ ಪೌಡರಿಗೆ ನಿಯಮವಿದೆ, ತುಟಿಯ ಬಣ್ಣಕ್ಕೆ ನಿಯಮವಿದೆ. ಚರ್ಮದೊಳಗೆ ಚುಚ್ಚಿ ಚಿತೆಯವರೆಗೆ ಹೊತ್ತೊಯ್ಯುವ ಮಸಿಗೆ ಮಾತ್ರ ಅಳತೆಯನ್ನೇ ಗೊತ್ತುಮಾಡಲಿಲ್ಲ. ಮಾತು ಕಾಗದದಲ್ಲಿದ್ದೂ ಕೈಗೆ ಬಾರದಿದ್ದರೆ ಅದಕ್ಕೆ ಹೊಣೆ ಜಾತ್ರೆಯ ಕೊರವಂಜಿಯೋ, ದಿಲ್ಲಿಯ ಕಚೇರಿಯೋ?

ಬೇರೆ ದೇಶಗಳು ಎರಡು ದಾರಿ ಹಿಡಿದಿವೆ. ಎರಡರಿಂದಲೂ ಕಲಿಯುವುದಿದೆ. ನ್ಯೂಯಾರ್ಕ್ ನಗರ 1961ರಲ್ಲಿ ಕಾಮಾಲೆ ಹರಡುತ್ತದೆಂದು ಹಚ್ಚೆಯನ್ನೇ ನಿಷೇಧಿಸಿತು. ಫಲವೇನು? ಕಸುಬು ಸಾಯಲಿಲ್ಲ, ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಹೋಯಿತು. ನೋಡುವವರೂ ಇಲ್ಲ, ಕೇಳುವವರೂ ಇಲ್ಲ. ಮೂವತ್ತಾರು ವರ್ಷಗಳ ನಂತರ, 1997ರಲ್ಲಿ, ನಿಷೇಧವನ್ನು ತೆಗೆದು ಪರವಾನಗಿಯ ಪದ್ಧತಿಗೆ ಬರಬೇಕಾಯಿತು. ಇಂಗ್ಲೆಂಡು ಇನ್ನೊಂದು ದಾರಿ ಹಿಡಿಯಿತು. 1969ರಲ್ಲಿ ಹದಿನೆಂಟು ತುಂಬದವರಿಗೆ ಹಚ್ಚೆ ಹಾಕುವುದನ್ನು ಅಪರಾಧವೆಂದಿತು. 1982ರ ಕಾಯಿದೆಯ ಮೂಲಕ ಹಚ್ಚೆ ಹಾಕುವವರ, ಕಿವಿ ಚುಚ್ಚುವವರ ಹೆಸರನ್ನೂ ಜಾಗವನ್ನೂ ನೋಂದಾಯಿಸಿಕೊಳ್ಳುವ ಅಧಿಕಾರವನ್ನು ಊರಿನ ಸ್ಥಳೀಯ ಸಂಸ್ಥೆಗೇ ಕೊಟ್ಟಿತು. ಯುರೋಪಿನ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ. ಅಲ್ಲಿ ಬೇಡವಾದ ಸರಕು ಎಲ್ಲಿಗೆ ಹರಿಯುತ್ತದೆ? ಕೇಳುವವರಿಲ್ಲದ ಮಾರುಕಟ್ಟೆಗೆ. ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಭಯ ಒಂದೇ. ಕಾಯಿದೆ ಬಂದರೆ ಅದು ಮೊದಲು ಯಾರ ಹೆಗಲ ಮೇಲೆ ಕೈ ಇಡುತ್ತದೆ? ಮಸಿ ತಯಾರಿಸುವವನ, ಆಮದು ಮಾಡುವವನ ಹೆಗಲ ಮೇಲೋ, ಜಾತ್ರೆಯಲ್ಲಿ ಚಾಪೆ ಹಾಸಿ ಕುಳಿತವಳ ಹೆಗಲ ಮೇಲೋ? ಕೊರವರಿಗೆ ಕಾಯಿದೆ ಎಂದರೆ ಏನೆಂದು ಚರಿತ್ರೆ ಬಲ್ಲದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಬ್ರಿಟಿಷರು ಮುಂದೆ ದಕ್ಷಿಣಕ್ಕೂ ಹಬ್ಬಿಸಿ, ಕೊರವ, ಕೊರಚ ಸಮುದಾಯದ ಗುಂಪುಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದರು. ಠಾಣೆಯಲ್ಲಿ ಹಾಜರಿ, ಊರು ಬಿಡಲು ಚೀಟಿ, ಬೇಲಿಯೊಳಗಿನ ವಸಾಹತು. ಊರೂರು ತಿರುಗಿ ಬದುಕುವವರಿಗೆ ತಿರುಗಾಟವೇ ಅಪರಾಧವಾಯಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಆದರೆ ಪೊಲೀಸನ ಕಣ್ಣಿನಿಂದ ಆ ನೋಟ ಇನ್ನೂ ಪೂರ್ತಿ ಹೋಗಿಲ್ಲ. ಇಂಥವರ ಕೈಗೆ ಹತ್ತು ಪುಟದ ಅರ್ಜಿ, ಸಾವಿರಾರು ರೂಪಾಯಿಯ ಶುಲ್ಕ, ಟೈಲ್ಸ್ ಹಾಕಿದ ಕೋಣೆಯ ಷರತ್ತು ಕೊಟ್ಟರೆ ಕಸುಬು ಗಾಜಿನ ಅಂಗಡಿಯವರ ಪಾಲಾಗುತ್ತದೆ. ಉಳಿದವರು ಇನ್‌ಸ್ಪೆಕ್ಟರನಿಗೆ ಮಾಮೂಲು ಕೊಟ್ಟು ಹಳೆಯ ಸೂಜಿಯಲ್ಲೇ ಮುಂದುವರಿಯುತ್ತಾರೆ. ರೋಗವೂ ಉಳಿಯಿತು, ಲಂಚವೂ ಬೆಳೆಯಿತು ಎಂದಾಗುತ್ತದೆ.

ಬೇರೆ ಹಾದಿ ಇಲ್ಲವೇ? ಇದೆ, ನಮ್ಮ ಕಣ್ಣೆದುರಿಗೇ ಇದೆ. ನಮ್ಮ ಊರುಗಳ ಕ್ಷೌರದ ಅಂಗಡಿಯನ್ನು ನೋಡಿ. ಒಂದು ಕಾಲದಲ್ಲಿ ಒಂದೇ ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡಿ ಊರಿಗೆಲ್ಲ ಹಚ್ಚುತ್ತಿದ್ದರು. ಏಡ್ಸ್ ರೋಗದ ತಿಳಿವಳಿಕೆ ಹಬ್ಬಿದ ಮೇಲೆ ಗಿರಾಕಿ ಹೊಸ ಬ್ಲೇಡು ಕೇಳತೊಡಗಿದ. ಕ್ಷೌರಿಕ ಬಂಧುಗಳು ಗಿರಾಕಿಯ ಕಣ್ಣೆದುರಿಗೇ ಬ್ಲೇಡು ಮುರಿದು ಹಾಕುವ ರೂಢಿಗೆ ಬಂದರು. ಬ್ಲೇಡು ಅಗ್ಗವಾಗಿ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿತ್ತು, ಗಿರಾಕಿಗೆ ತಿಳಿವಳಿಕೆ ಇತ್ತು, ಕಸುಬಿನವನಿಗೆ ಅವಮಾನವಿರಲಿಲ್ಲ. ಈ ಮೂರೂ ಕೂಡಿದ್ದರಿಂದ ಠಾಣೆಯ ನೆರವಿಲ್ಲದೆ ಕೆಲಸ ನಡೆಯಿತು. ಹಚ್ಚೆಯ ಸೂಜಿಗೂ ಈ ಮೂರನ್ನೇ ಒದಗಿಸಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು.

ಮೊದಲನೆಯದು, ಕಾಯಿದೆ ಮೇಲಿನಿಂದ ಕೆಳಗೆ ಇಳಿಯಲಿ. ಮಸಿ ತಯಾರಿಸುವವರಿಗೆ, ಆಮದು ಮಾಡುವವರಿಗೆ ಕೇಂದ್ರ ಸರಕಾರ ಅಳತೆ ಗೊತ್ತುಮಾಡಲಿ. ಶೀಶೆಯ ಮೇಲೆ ಒಳಗಿನ ವಸ್ತುಗಳ ವಿವರ, ತಯಾರಕನ ಹೆಸರು, ತಾರೀಖು ಕಡ್ಡಾಯವಾಗಲಿ. ಒಂದೇ ಸಲಕ್ಕೆ ಸಾಕಾಗುವ ಸಣ್ಣ ಪೊಟ್ಟಣಗಳಲ್ಲಿ ಮಸಿ ಬರಲಿ. ತಪ್ಪಿದರೆ ಶಿಕ್ಷೆ ಕಾರ್ಖಾನೆಗೆ, ಆಮದು ಕಂಪನಿಗೆ. ಪೆಟ್ಟಿಗೆ ಹೊತ್ತ ಕಸುಬಿನವರಿಗಲ್ಲ.

ಎರಡನೆಯದು, ಹೆಸರಿನ ನೋಂದಣಿ ನಗರಸಭೆಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ಪುಕ್ಕಟೆಯಾಗಿ ನಡೆಯಲಿ. ಒಂದು ಕಡೆ ಪಡೆದ ಚೀಟಿ ರಾಜ್ಯದ ಎಲ್ಲ ಜಾತ್ರೆ, ಸಂತೆಗಳಲ್ಲಿ ನಡೆಯಬೇಕು. ತಿರುಗಿ ಬದುಕುವವನಿಗೆ ಊರಿಗೊಂದು ಪರವಾನಗಿ ಕೇಳಿದರೆ ಅದು ಪರವಾನಗಿಯಲ್ಲ, ಸುಂಕದ ಕಟ್ಟೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಬೀದಿಯಲ್ಲಿ ಸೇವೆ ಒದಗಿಸುವವರನ್ನೂ ವ್ಯಾಪಾರಿಗಳೆಂದೇ ಗಣಿಸಿದೆ. ಅದರಡಿಯ ಪಟ್ಟಣ ಸಮಿತಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಸ್ಥಾನಗಳು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿಗೆ ಇವೆ. ಹಚ್ಚೆಯ ಕಸುಬಿನ ಹೆಣ್ಣುಮಕ್ಕಳೂ ಅಲ್ಲಿ ಕುಳಿತು ತಮ್ಮ ನಿಯಮವನ್ನು ತಾವೇ ರೂಪಿಸುವಂತಾಗಲಿ.

ಮೂರನೆಯದು, ಸರಕಾರ ಆಸ್ಪತ್ರೆಗೆ ಸಿರಿಂಜು ಕೊಳ್ಳುವಂತೆಯೇ ಮೊಹರು ಹಾಕಿದ ಸೂಜಿಗಳನ್ನು, ಕೈಗವುಸುಗಳನ್ನು ಕೊಂಡು ಅಸಲು ಬೆಲೆಗೆ ಒದಗಿಸಲಿ. ಬಳಸಿದ ಸೂಜಿಗಳನ್ನು ಹಾಕಲು ಆಸ್ಪತ್ರೆಗಳಲ್ಲಿರುವಂಥ ಚುಚ್ಚದ ಡಬ್ಬಿಗಳನ್ನು ದೊಡ್ಡ ಜಾತ್ರೆಗಳಲ್ಲಿ ಆರೋಗ್ಯ ಇಲಾಖೆ ಇಡಲಿ. ಕುಡಿಯುವ ನೀರಿನ ಟ್ಯಾಂಕರು, ಪ್ರಥಮ ಚಿಕಿತ್ಸೆಯ ಡೇರೆ ಇಡುವವರಿಗೆ ಇದು ಭಾರವಲ್ಲ.

ನಾಲ್ಕನೆಯದು, ತರಬೇತಿ. ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಕೊರವರ ಕೇರಿಗೆ, ಪತ್ತಾರರ ಓಣಿಗೆ ವೈದ್ಯರು ಹೋಗಿ ಒಂದೆರಡು ದಿನ ಕಲಿಸಲಿ. ಕಲಿಯಲು ಬಂದವರಿಗೆ ಆ ದಿನದ ಕೂಲಿ ಕೊಡಲಿ. ಅವರಿಗೆ ‘ಬಿ’ ಕಾಮಾಲೆಯ ಲಸಿಕೆಯನ್ನು ಉಚಿತವಾಗಿ ಹಾಕಲಿ. ಗಿರಾಕಿಯಿಂದ ಕಸುಬಿನವರಿಗೂ ರೋಗ ಬರುತ್ತದೆ ಎಂಬುದನ್ನು ಯಾರೂ ಎಣಿಸುವುದೇ ಇಲ್ಲ.

ಐದನೆಯದು, ಹದಿನೆಂಟು ತುಂಬದ ಮಕ್ಕಳಿಗೆ ಯಂತ್ರದ ಹಚ್ಚೆ ಬೇಡ. ಇದು ನೀತಿಬೋಧೆಯ ಮಾತಲ್ಲ, ಹೊಟ್ಟೆಯ ಮಾತು. ಸೈನ್ಯದ ಭರ್ತಿಯಲ್ಲಿ ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯ ಹಚ್ಚೆಗಷ್ಟೇ ಸಾಮಾನ್ಯವಾಗಿ ಒಪ್ಪಿಗೆ ಇದೆ. ತೋಳಿನ ಮೇಲೆ, ಕೊರಳಿನ ಮೇಲೆ ಹದಿನಾರನೆಯ ವಯಸ್ಸಿನಲ್ಲಿ ಬರೆಸಿಕೊಂಡದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಓಟ, ಜಿಗಿತ ಎಲ್ಲ ಗೆದ್ದ ಮೇಲೂ ಬಡವನ ಮಗನನ್ನು ಹೊರಗೆ ಹಾಕುತ್ತದೆ. ಲೇಸರಿನಿಂದ ಅಳಿಸಬಹುದು, ಆದರೆ ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು ಹಣ ಬೇಕು, ಅನೇಕ ಸಲ ದೊಡ್ಡ ಊರಿಗೆ ಅಲೆಯಬೇಕು. ತಾಂಡಾ, ಬುಡಕಟ್ಟುಗಳ ಸಂಪ್ರದಾಯದ ಬೊಟ್ಟಿನ ವಿಷಯದಲ್ಲಿ ಆ ಜನರೊಡನೆ ಕುಳಿತು ಮಾತಾಡಿಯೇ ನಿಯಮ ಮಾಡಬೇಕು.

ದೇಶದಲ್ಲಿ ಇದಕ್ಕಿಂತ ದೊಡ್ಡ ಸಂಕಟಗಳಿಲ್ಲವೇ, ಕಾಲುವೆಯ ಕೊನೆಯ ರೈತನಿಗೆ ನೀರಿಲ್ಲ, ಗಿರಣಿಯಲ್ಲಿ ಕನಿಷ್ಠ ಕೂಲಿಯಿಲ್ಲ, ನಿಮಗೆ ಸೂಜಿಯ ಚಿಂತೆಯೇ ಎಂದು ಕೆಲವರು ಕೇಳಬಹುದು. ಅವೂ ಬೇಕು, ಇದೂ ಬೇಕು. ಮೈಯೇ ಬಂಡವಾಳವಾದವನಿಗೆ ಮೈಯ ರಕ್ಷಣೆಗಿಂತ ದೊಡ್ಡ ಪ್ರಶ್ನೆ ಯಾವುದಿದೆ? ಸಾಹುಕಾರನ ಬಂಡವಾಳಕ್ಕೆ ವಿಮೆಯಿದೆ, ಬೀಗವಿದೆ, ಕಾವಲಿದೆ. ಕೂಲಿಯವನ ಬಂಡವಾಳವಾದ ತೋಳಿಗೆ ಒಂದು ಶುದ್ಧ ಸೂಜಿಯನ್ನು ಕೇಳುವುದು ಅತಿಯಾಸೆಯಲ್ಲ.

ಕಾಯಿದೆ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹಚ್ಚೆ ಹಾಕಿಸಿಕೊಳ್ಳುವವರು ಮೂರು ಮಾತು ಕೇಳಲಿ: ಸೂಜಿಯ ಪೊಟ್ಟಣವನ್ನು ನನ್ನೆದುರಿಗೆ ಒಡೆಯಿರಿ, ಮಸಿಯನ್ನು ಹೊಸ ಬಟ್ಟಲಿಗೆ ಹಾಕಿ, ಕೈಗೆ ಹೊಸ ಗವುಸು ತೊಡಿ. ಅದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಲಿ. ಸೂಜಿಯ ಬೆಲೆಯಲ್ಲಿ ಉಳಿಸಿದ್ದನ್ನು ದವಾಖಾನೆಯಲ್ಲಿ ನೂರ್ಮಡಿ ಕಟ್ಟಬೇಕಾಗುತ್ತದೆ. ಹಿಂದೆ ಹಾಕಿಸಿಕೊಂಡವರು ಹೆದರಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗೆ ಹೋಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲಿ. ಸೂಜಿ, ಓಲೆ, ಮಸಿ ಮಾರುವ ನಮ್ಮ ವ್ಯಾಪಾರಿ ಮಿತ್ರರು ಚೀಟಿಯಿಲ್ಲದ, ಹೆಸರಿಲ್ಲದ ಸರಕನ್ನು ಅಂಗಡಿಗೆ ತರದಿರಲಿ. ಗಿರಣಿಯ ಸಂಘಗಳು ಜಾತ್ರೆಗೆ ಮುಂಚೆ ಒಂದು ಸಂಜೆ ಈ ಮಾತನ್ನು ತಮ್ಮ ಸಭೆಯಲ್ಲಿ ಆಡಲಿ.

ಸಚಿವರು ಮಾತಾಡಿದ್ದು ಒಳ್ಳೆಯದಾಯಿತು. ಮಾತು ಪತ್ರವಾಗಿ ದಿಲ್ಲಿಯ ಕಪಾಟಿನಲ್ಲಿ ಮಲಗದಿರಲಿ. ಹಾಗೆಯೇ ಅದು ಲಾಠಿಯಾಗಿ ಮೈಲಾಪುರದ ಬಯಲಿಗೆ ಬಾರದಿರಲಿ. ಶುದ್ಧ ಸೂಜಿ, ಶುದ್ಧ ಮಸಿ, ಕಸುಬಿನ ಮರ್ಯಾದೆ ಈ ಮೂರನ್ನೂ ಒಟ್ಟಿಗೆ ಕೊಡುವ ಕಾಯಿದೆ ಬರಲಿ. ಅದಕ್ಕೆ ನಮ್ಮ ಪೂರ್ಣ ಬೆಂಬಲವಿದೆ. ಮೂರನೆಯದನ್ನು ಬಿಟ್ಟು ಬರುವ ಕಾಯಿದೆಯನ್ನು ನಾವು ವಿರೋಧಿಸುತ್ತೇವೆ.